ಕೊನೆಯ ಸಾಲಿಗೂ ಮುಟ್ಟುವ ದನಿ

ಎಂಟನೆಯ ತರಗತಿಗೆ ಶಬ್ದದ ಪಾಠ ಮಾಡುವಾಗಲೆಲ್ಲ ನನಗೆ ಬಿ. ಜಯಶ್ರೀ ನೆನಪಾಗುತ್ತಾರೆ. ಪುಸ್ತಕದಲ್ಲಿ ಅವರ ಹೆಸರಿಲ್ಲ. ಅಲ್ಲಿರುವುದು ಶ್ರುತಿ ಕವೆ, ಗಂಟೆ, ನೀರು ತುಂಬಿದ ಬಟ್ಟಲು, ಜೊತೆಗೆ ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರ್ ವೇಗದಲ್ಲಿ ಸಾಗುತ್ತದೆ ಎಂಬ ಒಂದು ಸಾಲು. ಶ್ರುತಿ ಕವೆಯನ್ನು ರಬ್ಬರಿನ ತುಂಡಿಗೆ ಬಡಿದು ಎತ್ತಿ ಹಿಡಿದರೆ ಮೊದಲ ಬೆಂಚಿನ ಮಕ್ಕಳ ಮುಖ ಅರಳುತ್ತದೆ. ಕೊನೆಯ ಬೆಂಚಿನವರು ಕಿಟಕಿಯಾಚೆಯ ಹುಣಸೆಮರ ನೋಡುತ್ತಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಕೇಳಿಸಿರುವುದೇ ಇಲ್ಲ. ಶಬ್ದ ಹುಟ್ಟಿಸುವುದು ಸುಲಭ, ಅದನ್ನು ಕೊನೆಯ ಬೆಂಚಿಗೆ ಮುಟ್ಟಿಸುವುದೇ ವಿದ್ಯೆ ಎಂಬುದು ಎಪ್ಪತ್ತು ಮಕ್ಕಳ ಕೊಠಡಿಯಲ್ಲಿ ವರ್ಷಾನುಗಟ್ಟಲೆ ಗಂಟಲು ಸವೆಸಿದ ಯಾವ ಮೇಷ್ಟ್ರಿಗಾದರೂ ಗೊತ್ತಿರುವ ಸಂಗತಿ. ಆ ವಿದ್ಯೆಯನ್ನು ಹಾಡಿನಲ್ಲೂ ಹಾಸ್ಯದಲ್ಲೂ ಒಂದೇ ಸಮನೆ ಕರಗತ ಮಾಡಿಕೊಂಡ ಒಬ್ಬ ಹೆಂಗಸನ್ನು ನಮ್ಮ ಕಾಲದಲ್ಲಿ ನಾವು ನೋಡಿದೆವು, ಕೇಳಿದೆವು. ಹಾಗಾಗಿ ಅವರ ನೆನಪು.

ಜಯಶ್ರೀಯವರು ಹುಟ್ಟಿದ್ದು ೧೯೫೦ರಲ್ಲಿ, ಬೆಂಗಳೂರಿನಲ್ಲಿ. ತಾಯಿ ಜಿ.ವಿ. ಮಾಲತಮ್ಮ. ಮಾಲತಮ್ಮನವರ ತಂದೆ ಗುಬ್ಬಿ ವೀರಣ್ಣ. ಇಷ್ಟು ಹೇಳಿದರೆ ನಮ್ಮ ತುಮಕೂರು ಜಿಲ್ಲೆಯ ಕಡೆ ಬೇರೆ ಪರಿಚಯ ಬೇಕಾಗುವುದಿಲ್ಲ. ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಬಾಲಕನಾಗಿ ಸೇರಿ, ಬೆಳೆದು, ಒಡೆಯರಾಗಿ, ಅದರ ಹೆಸರನ್ನು ದಕ್ಷಿಣದ ಊರೂರಿಗೂ ಮುಟ್ಟಿಸಿದವರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದವರು. ನಮ್ಮಜ್ಜಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೋಗಿ ಆ ನಾಟಕ ನೋಡಿ ಬಂದಿದ್ದಳಂತೆ. ಕೃಷ್ಣನ ಗೀತೋಪದೇಶದ ಬಗ್ಗೆ ಕೇಳಿದರೆ ಅವಳಿಗೆ ಒಂದೂ ನೆನಪಿರಲಿಲ್ಲ. ಆನೆ ಯಾವ ಕಡೆಯಿಂದ ಬಂತು, ಯಾವ ಕಡೆಗೆ ಹೋಯಿತು ಎಂಬುದನ್ನು ಮಾತ್ರ ಸಾಯುವವರೆಗೂ ಕೈಯಾಡಿಸಿ ತೋರಿಸುತ್ತಿದ್ದಳು.

ಡಾ. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ಮನೆ ಬಿಟ್ಟು ಓಡಿ ಬಂದ ಹುಡುಗ ಬಿ.ವಿ. ಕಾರಂತರಿಗೂ ಆಸರೆ ಕೊಟ್ಟದ್ದು ಅದೇ ಕಂಪನಿ. ಮುಂದೆ ಅವರನ್ನು ಕಾಶಿಗೆ ಓದಲು ಕಳಿಸಿದವರೂ ವೀರಣ್ಣನವರೇ. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ಪಡದೆಯ ಹಿಂದಿನ ಬಣ್ಣದ ವಾಸನೆ, ಕಾಲು ಹಾರ್ಮೋನಿಯಂನ ಏದುಸಿರು ಇವೇ ಜೋಗುಳ. ಮಗುವಾಗಿದ್ದಾಗಲೇ ಜಯಶ್ರೀ ರಂಗದ ಮೇಲೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವಿರುವುದು ಅವರು ಮುಂದೆ ಆ ಮನೆಯಿಂದ ಯಾವ ಆಸ್ತಿಯನ್ನು ಕೇಳಿ ಪಡೆದರು ಎಂಬುದರಲ್ಲಿ.

ಅದನ್ನು ಹೇಳುವ ಮೊದಲು ಕಂಪನಿ ನಾಟಕದ ಡೇರೆಯೊಳಕ್ಕೆ ಒಮ್ಮೆ ಹೋಗಿಬರೋಣ. ತಗಡಿನ ಗೋಡೆ, ಮೇಲೆ ತಗಡು ಅಥವಾ ಗರಿಯ ಮಾಡು, ಕೆಳಗೆ ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಣ. ಮೈಕು ಬರುವ ಮುಂಚಿನ ಮಾತು ಇದು. ಬಯಲಿನಲ್ಲಿ ಶಬ್ದದ ಮೂಲದಿಂದ ದೂರ ಎರಡರಷ್ಟಾದರೆ ತೀವ್ರತೆ ನಾಲ್ಕರಲ್ಲಿ ಒಂದಾಗುತ್ತದೆ, ನಾಲ್ಕರಷ್ಟಾದರೆ ಹದಿನಾರರಲ್ಲಿ ಒಂದು. ಡೇರೆಯೊಳಗೆ ತಗಡು ಸ್ವಲ್ಪ ಹಿಂದಕ್ಕೆ ತಳ್ಳಿ ಸಹಾಯ ಮಾಡುತ್ತದೆ. ಆದರೆ ಕಂಬಳಿ ಹೊದ್ದ ಸಾವಿರ ಜನ ಕೂತರೆಂದರೆ ಅವರ ಮೈ ಬಟ್ಟೆಗಳೇ ಶಬ್ದವನ್ನು ನೀರು ಹೀರಿದಂತೆ ಹೀರುತ್ತವೆ. ಜನ ಹೆಚ್ಚಿದಷ್ಟೂ ಕಲೆಕ್ಷನ್ನು ಚೆನ್ನ, ಗಂಟಲಿಗೆ ಕಷ್ಟ. ಕಂಪನಿಯ ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದುದು ಬರಿಯ ಶೋಕಿಗಲ್ಲ. ಹಾಗೆ ಹಾಡದಿದ್ದರೆ ನೆಲದ ಮೇಲೆ ನಾಲ್ಕಾಣೆ ಕೊಟ್ಟು ಕೂತವನು ಶಿಳ್ಳೆ ಹಾಕುತ್ತಿದ್ದ. ಹಾಡು ಮುಟ್ಟಿದರೆ ಅದೇ ಮನುಷ್ಯ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದ. ಸತ್ತು ಬಿದ್ದ ಪಾತ್ರಧಾರಿ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿದ್ದ.

ಹಳೆಯ ಕಾಲದಲ್ಲಿ ಈ ಡೇರೆಯ ರಂಗದ ಮೇಲೆ ಹೆಂಗಸರು ಇರಲಿಲ್ಲ. ಗಂಡಸರೇ ಸೀರೆಯುಟ್ಟು ಸದಾರಮೆಯೂ ಸುಭದ್ರೆಯೂ ಆಗುತ್ತಿದ್ದರು. ಸ್ತ್ರೀಪಾತ್ರಗಳಿಗೆ ಹೆಂಗಸರನ್ನೇ ಕರೆತಂದವರಲ್ಲಿ ವೀರಣ್ಣನವರು ಪ್ರಮುಖರು. ಅವರ ಮಡದಿಯರಾದ ಸುಂದರಮ್ಮ, ಭದ್ರಮ್ಮ, ಜಯಮ್ಮ ಮೂವರೂ ನಟಿಯರು. ಬಿ. ಜಯಮ್ಮನವರ ಹಾಡಿಗೆ ಜನ ಹುಚ್ಚಾಗುತ್ತಿದ್ದ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಹೆಣ್ಣು ರಂಗಕ್ಕೆ ಬಂದಳು, ಹಾಡಿದಳು, ಅತ್ತಳು, ಶಾಪ ಕೊಟ್ಟಳು, ಕೊನೆಗೆ ಮಂಗಳಾರತಿಯನ್ನೂ ಎತ್ತಿದಳು. ಆದರೆ ನಗಿಸುವ ಕೆಲಸದ ಯಜಮಾನಿಕೆ ಮಾತ್ರ ಬಹುಮಟ್ಟಿಗೆ ಗಂಡಸಿನ ಕೈಯಲ್ಲೇ ಉಳಿಯಿತು. ಹಾಸ್ಯದ ದೃಶ್ಯದಲ್ಲಿ ಹೆಣ್ಣಿದ್ದರೂ ಅವಳು ಹಾಸ್ಯಗಾರನಿಗೆ ಜೋಡಿ, ಅವನು ಎಸೆದ ಚೆಂಡನ್ನು ಹಿಡಿದು ವಾಪಸು ಕೊಡುವವಳು. ಅಳಿಸುವ ಹೆಂಗಸನ್ನು ಸಮಾಜ ಹೇಗೋ ಒಪ್ಪಿಕೊಂಡಿತು. ಗಟ್ಟಿಯಾಗಿ ನಗಿಸುವ ಹೆಂಗಸನ್ನು ಒಪ್ಪಿಕೊಳ್ಳಲು ಅದಕ್ಕೆ ಇನ್ನೂ ಬಹಳ ಕಾಲ ಬೇಕಾಯಿತೆಂದು ನನಗೆ ಅನ್ನಿಸುತ್ತದೆ.

ಹೀಗೆ ಅನ್ನಿಸುವುದಕ್ಕೆ ನಮ್ಮ ಮನೆಯಲ್ಲೇ ಕಾರಣವಿದೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಹುಟ್ಟಾ ಹಾಸ್ಯಗಾರ್ತಿ. ಹಾಲಿನವನು ನೀರು ಬೆರೆಸಿಲ್ಲವೆಂದು ಆಣೆ ಇಡುವ ಪರಿ, ಪಕ್ಕದ ಬೀದಿಯ ಶ್ಯಾನುಭೋಗರ ಹೆಂಡತಿ ಸಾಲ ಕೇಳಲು ಬಂದು ಹವಾಮಾನದಿಂದ ಶುರುಮಾಡುವ ಪರಿ, ನಮ್ಮ ಸೋದರಮಾವ ಮೂರನೆಯ ಹೋಳಿಗೆಗೆ ಬೇಡ ಎನ್ನುತ್ತಲೇ ಎಲೆ ಮುಂದಕ್ಕೆ ತಳ್ಳುವ ಪರಿ, ಇದೆಲ್ಲ ಅವಳ ಮೈಯಲ್ಲಿ ತಾನೇ ತಾನಾಗಿ ಇಳಿಯುತ್ತಿತ್ತು. ಅಡುಗೆಮನೆ ಅವಳ ರಂಗಮಂದಿರ. ಅಮ್ಮ ಒಲೆ ಊದುವುದನ್ನು ನಿಲ್ಲಿಸಿ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ನಡುಮನೆಯಿಂದ ಅಪ್ಪನ ಕೆಮ್ಮು ಕೇಳಿದೊಡನೆ ಪ್ರದರ್ಶನ ಮುಕ್ತಾಯ.

ಅವಳು ಎಂಟನೆಯ ತರಗತಿಯಲ್ಲಿದ್ದಾಗ ಶಾಲಾ ವಾರ್ಷಿಕೋತ್ಸವಕ್ಕೆ ಒಂದು ನಾಟಕವಾಯಿತು. ರಾಜನಿಗೆ ಬುದ್ಧಿ ಹೇಳುವ ಒಬ್ಬ ಪೆದ್ದ ಸೇವಕನ ಪಾತ್ರ ಅದರಲ್ಲಿತ್ತು. ಅಕ್ಕ ಅದನ್ನು ಕೇಳಿದಳು. ಹೆಣ್ಣುಮಕ್ಕಳು ಅಂಥದ್ದು ಮಾಡಬಾರದೆಂದು ಹೇಳಿ ಅವಳಿಗೆ ಪ್ರಾರ್ಥನೆ ಹಾಡಲು ಕೊಟ್ಟರು. ಪಾತ್ರ ಸಿಕ್ಕಿದ್ದು ಒಬ್ಬ ಗುಮಾಸ್ತರ ಮಗನಿಗೆ. ಆ ಮಹಾನುಭಾವ ದೀಪ ಹತ್ತಿದ ಕೂಡಲೇ ಮಾತು ಮರೆತು ನಿಂತ. ಪ್ರಾರ್ಥನೆ ಮುಗಿಸಿ ಪಡದೆಯ ಮರೆಯಲ್ಲಿದ್ದ ಅಕ್ಕ ಅವನಿಗೆ ಮಾತು ಎತ್ತಿಕೊಟ್ಟಳು. ಅವನಿಗೆ ಕೇಳಲಿಲ್ಲ. ಇನ್ನೂ ಗಟ್ಟಿಯಾಗಿ ಎತ್ತಿಕೊಟ್ಟಳು. ಸಭೆಗೆಲ್ಲ ಕೇಳಿಸಿತು, ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಹತ್ತು ನಿಮಿಷ ಹುಡುಗ ಬಾಯಿ ಆಡಿಸಿದ, ಮಾತು ಪಡದೆಯ ಹಿಂದಿನಿಂದ ಬಂತು. ಊರಿನವರು ಆ ನಾಟಕವನ್ನು ವರ್ಷಗಟ್ಟಲೆ ನೆನೆದರು. ಬಹುಮಾನದ ಸ್ಟೀಲ್ ಲೋಟ ಹುಡುಗನಿಗೆ ಹೋಯಿತು. ಅಕ್ಕನಿಗೆ ಮನೆಯಲ್ಲಿ ಸಿಕ್ಕಿದ್ದು ಬೇರೆ. “ಊರಿಗೆಲ್ಲ ಕೇಳೋ ಹಾಗೆ ಗಂಟಲು ತೆಗೀತೀಯಲ್ಲ, ನಾಟಕದವಳಾ ನೀನು?” ಎಂದು ಅಪ್ಪ ಕೇಳಿದ ಆ ಒಂದು ಮಾತು ನನಗಿನ್ನೂ ಕಿವಿಯಲ್ಲಿದೆ. ನಾಟಕದವಳು ಎಂಬುದು ಆಗ ಬೈಗುಳ. ಪಿಯುಸಿ ಮುಗಿಯುತ್ತಿದ್ದಂತೆ ಅವಳ ಮದುವೆಯಾಯಿತು.

ಅದೇ ಬೈಗುಳವನ್ನು ಉದ್ಯೋಗವಾಗಿ, ಉದ್ಯೋಗವನ್ನು ಗೌರವವಾಗಿ ಮಾಡಿಕೊಂಡವರು ಜಯಶ್ರೀ. ಅವರು ಕಂಪನಿಯ ಪಾಠವೊಂದನ್ನೇ ನಂಬಿ ಕೂರಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಇಬ್ರಾಹಿಂ ಅಲ್ಕಾಜಿ. ಶಿಸ್ತಿಗೆ ಹೆಸರಾದ ಮನುಷ್ಯ. ಗುಬ್ಬಿಯ ಡೇರೆಯಲ್ಲಿ ಪ್ರೇಕ್ಷಕ ಕೂಗಿದರೆ ಹಾಡನ್ನು ಮತ್ತೆ ಹಾಡುವುದು ಧರ್ಮ, ಅಲ್ಕಾಜಿಯವರ ರಂಗದಲ್ಲಿ ಬೆಳಕಿನ ಗುರುತಿನಿಂದ ಒಂದಂಗುಲ ಸರಿದರೂ ಅಧರ್ಮ. ಈ ಎರಡು ಧರ್ಮಗಳ ನಡುವೆ ಸಿಕ್ಕಿದವರು ಸಾಮಾನ್ಯವಾಗಿ ಒಂದನ್ನು ಬಿಟ್ಟುಬಿಡುತ್ತಾರೆ. ಹಳೆಯದನ್ನು ಬಿಡುವುದು ಎಪ್ಪತ್ತರ ದಶಕದಲ್ಲಿ ಹೆಚ್ಚು ಸುಲಭವಾಗಿತ್ತು. ಕಂಪನಿ ನಾಟಕವೆಂದರೆ ಥಳಕು, ಕಿರುಚಾಟ, ಹವ್ಯಾಸಿ ರಂಗಭೂಮಿಯೆಂದರೆ ವಿಚಾರ ಎಂದು ಓದಿದವರು ಬೇಲಿ ಹಾಕಿಕೊಂಡಿದ್ದ ಕಾಲ ಅದು. ೧೯೭೨ರಲ್ಲಿ ತಾತ ವೀರಣ್ಣನವರು ತೀರಿಕೊಂಡರು. ೧೯೭೩ರಲ್ಲಿ ಮೊಮ್ಮಗಳು ನಾಟಕ ಶಾಲೆಯ ಪದವಿ ಪಡೆದರು. ೧೯೭೬ರಲ್ಲಿ ಬೆಂಗಳೂರಿನಲ್ಲಿ ‘ಸ್ಪಂದನ’ ತಂಡ ಹುಟ್ಟಿತು.

‘ಸ್ಪಂದನ’ದ ನಾಟಕಗಳನ್ನು ನೋಡಿದವರಿಗೆ ಆ ಬೇಲಿ ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ. ‘ಲಕ್ಷಾಪತಿ ರಾಜನ ಕಥೆ’ಯಲ್ಲಿ ಜನಪದ ಧಾಟಿಯ ಹಾಡು, ಕುಣಿತ, ಕೀಟಲೆ ಒಂದರ ಮೇಲೊಂದು ಬಂದು ಬೀಳುತ್ತವೆ. ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯನ್ನು ಅವರು ರಂಗಕ್ಕೆ ತಂದಾಗ ಒಂದಿಡೀ ಹಳ್ಳಿಯೇ ಹಾಡಾಗಿ ಎದ್ದು ಬಂದಂತೆ ಇರುತ್ತಿತ್ತು. ಸಂಗೀತವನ್ನು ನಾಟಕದ ನಡುವೆ ಬಿಡುವಿಗೆಂದು ತುರುಕಿದ್ದಲ್ಲ, ಕಥೆ ನಡೆಯುವುದೇ ಹಾಡಿನ ಕಾಲಿನ ಮೇಲೆ. ಇಂಗ್ಲಿಷಿನವರು ಮ್ಯೂಸಿಕಲ್ ಎಂದು ಕರೆದು ಲಂಡನ್ನು ನ್ಯೂಯಾರ್ಕುಗಳಲ್ಲಿ ದುಬಾರಿ ಟಿಕೆಟ್ಟು ಇಟ್ಟು ತೋರಿಸುವುದು ಇದನ್ನೇ ಅಲ್ಲವೇ? ನಮ್ಮವರು ಅದನ್ನು ಬರೀ ನಾಟಕ ಎಂದರು. ನಾಟಕವೆಂದ ಮೇಲೆ ಹಾಡು ಇದ್ದೇ ಇರುತ್ತದೆ ಎಂಬುದು ನಮ್ಮಜ್ಜಿಯ ಕಾಲದ ತಿಳಿವಳಿಕೆ.

ಜಯಶ್ರೀಯವರ ದನಿಯ ಬಗ್ಗೆ ವಿಜ್ಞಾನದ ಮೇಷ್ಟ್ರಾಗಿ ನಾಲ್ಕು ಮಾತು ಹೇಳದೆ ಇರಲಾರೆ. ಓದುಗರು ಸಹಿಸಿಕೊಳ್ಳಬೇಕು. ಮಾತಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ನೂರರಿಂದ ನೂರೈವತ್ತು ಸಲ, ಹೆಂಗಸಿನವು ಸುಮಾರು ಇನ್ನೂರು ಸಲ ಕಂಪಿಸುತ್ತವೆ. ಜಯಶ್ರೀಯವರದು ತಗ್ಗಿನ, ತುಂಬಿದ, ಸ್ವಲ್ಪ ಒರಟು ಅಂಚಿನ ದನಿ. ಕೋಗಿಲೆಯ ಹೋಲಿಕೆ ಅದಕ್ಕೆ ಒಗ್ಗುವುದಿಲ್ಲ, ಹೊಸ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಬರುವ ನಾದ ಎಂದರೆ ಹತ್ತಿರವಾದೀತು. ಎತ್ತರದ ಶ್ರುತಿಯ ದನಿ ಮಾತ್ರ ದೂರ ಹೋಗುತ್ತದೆಂದು ಕಂಪನಿಯವರು ನಂಬಿದ್ದರಲ್ಲ, ಹಾಗಿದ್ದರೆ ಈ ದನಿ ಹೇಗೆ ಹೋಗುತ್ತದೆ?

ಉತ್ತರದ ಒಂದು ತುಂಡು ನಮ್ಮ ಕಿವಿಯಲ್ಲೇ ಇದೆ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ತೆರೆದು ಇನ್ನೊಂದು ತುದಿ ತಮಟೆಯಿಂದ ಮುಚ್ಚಿದ ಕೊಳವೆ. ಅಂಥ ಕೊಳವೆ ತನ್ನ ನಾಲ್ಕರಷ್ಟು ಉದ್ದದ ಅಲೆಗೆ ಅನುರಣಿಸುತ್ತದೆ. ನಾಲ್ಕರಷ್ಟೆಂದರೆ ಹತ್ತು ಸೆಂಟಿಮೀಟರ್. ೩೪೦ನ್ನು ೦.೧ರಿಂದ ಭಾಗಿಸಿದರೆ ೩೪೦೦. ಆದ್ದರಿಂದಲೇ ಸೆಕೆಂಡಿಗೆ ಮೂರು ಸಾವಿರ ಚಿಲ್ಲರೆ ಕಂಪನಗಳ ಆಸುಪಾಸಿನಲ್ಲಿ ಮನುಷ್ಯನ ಕಿವಿ ಬಹಳ ಚುರುಕು. ಪಳಗಿದ ಗಾಯಕರು, ಅದರಲ್ಲೂ ತಗ್ಗು ದನಿಯವರು, ಗಂಟಲಿನ ಕೊಳವೆಯನ್ನು ಹದಗೊಳಿಸಿಕೊಂಡು ಸರಿಯಾಗಿ ಅದೇ ಮೂರು ಸಾವಿರದ ಹತ್ತಿರ ತಮ್ಮ ದನಿಯ ಮೇಲುಸ್ವರಗಳಿಗೆ ಬಲ ತುಂಬುತ್ತಾರೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ೧೯೭೦ರ ದಶಕದಲ್ಲಿ ಇದನ್ನು ವಿವರಿಸಿದರು. ವಾದ್ಯವೃಂದದ ಗದ್ದಲದ ಮೇಲೆ ಒಂಟಿ ಗಾಯಕನ ದನಿ ತೇಲಿ ಬರುವುದು ಈ ಗುಟ್ಟಿನಿಂದ. ಹಾಗಾಗಿ ಬಲ ಪ್ರಯೋಗಿಸಿ ಕಿರುಚುವುದೇ ದಾರಿಯಲ್ಲ, ಬಲವನ್ನು ಎಲ್ಲಿಗೆ ಹಾಕಬೇಕೋ ಅಲ್ಲಿಗೆ ಹಾಕಿದರೆ ಸಾಕು. ಸುಂಡ್‌ಬರ್ಗರ ಲೇಖನವನ್ನು ಕಂಪನಿಯ ನಟರು ಓದಿರಲಿಲ್ಲ. ಶಿಳ್ಳೆಗೆ ಹೆದರಿ ಕಲಿತಿದ್ದರು.

ಜಯಶ್ರೀಯವರ ಈ ದನಿಗೆ ಸಿನಿಮಾದವರು ಬೇರೊಂದು ಉಪಯೋಗ ಕಂಡುಕೊಂಡರು. ಮಾಧವಿ, ಜಯಪ್ರದಾ, ಅಂಬಿಕಾ ಮುಂತಾದ ನಾಯಕಿಯರಿಗೆ ಅವರು ಕನ್ನಡದಲ್ಲಿ ಮಾತು ಕೊಟ್ಟರು. ಪರದೆಯ ಮೇಲೆ ಮುಖ ಒಬ್ಬರದು, ಗಂಟಲು ಇನ್ನೊಬ್ಬರದು. ನಾವು ಕಾಲೇಜು ಹುಡುಗರು ಮುಖಕ್ಕೆ ಚಪ್ಪಾಳೆ ತಟ್ಟಿ ಬರುತ್ತಿದ್ದೆವು. ಈ ಸಂಗತಿ ಓದಿದಾಗಲೆಲ್ಲ ನನಗೆ ಪಡದೆಯ ಹಿಂದೆ ನಿಂತ ಅಕ್ಕ ಕಣ್ಣಿಗೆ ಬರುತ್ತಾಳೆ, ಜೊತೆಗೆ ಆ ಸ್ಟೀಲ್ ಲೋಟವೂ. ವ್ಯತ್ಯಾಸವಿಷ್ಟೇ: ಜಯಶ್ರೀ ಪಡದೆಯ ಹಿಂದೆಯೂ ಇದ್ದರು, ಮುಂದೆಯೂ ಬಂದರು.

ಮುಂದೆ ಬಂದದ್ದರಲ್ಲೆಲ್ಲ ನನ್ನ ಮಟ್ಟಿಗೆ ದೊಡ್ಡದು ‘ಸದಾರಮೆ’. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಈ ನಾಟಕ ಗುಬ್ಬಿ ಕಂಪನಿಯ ಪಾಲಿನ ಕಾಮಧೇನು. ೧೯೩೫ರಲ್ಲಿ ಸಿನಿಮಾ ಕೂಡ ಆಯಿತು. ಶೆಟ್ಟರ ಮನೆಯ ಜಾಣೆ ಸದಾರಮೆ, ಅವಳನ್ನು ಮೆಚ್ಚಿದ ರಾಜಕುಮಾರ, ಜಿಪುಣಾಗ್ರೇಸರ ಅಣ್ಣ ಆದಿಮೂರ್ತಿ, ದಾರಿಯಲ್ಲಿ ಗಂಟುಬೀಳುವ ಕಳ್ಳ, ಕಷ್ಟದಲ್ಲಿ ಗಂಡುವೇಷ ಧರಿಸಿ ಪಾರಾಗುವ ನಾಯಕಿ, ಹೀಗೆ ಅದು ಸಾಗುತ್ತದೆ. ಹೆಸರು ಸದಾರಮೆಯದಾದರೂ ಜನ ಬರುತ್ತಿದ್ದುದು ಕಳ್ಳನಿಗಾಗಿ. ಕಳ್ಳ ಎಂದರೆ ವೀರಣ್ಣನವರು. ಅವರ ಹೆಸರಿನೊಂದಿಗೆ ಅಂಟಿಕೊಂಡ ಪಾತ್ರ ಅದು. ಪುಸ್ತಕದಲ್ಲಿ ಎಷ್ಟು ಮಾತಿದೆಯೋ ಅದರ ಹಲವು ಪಟ್ಟು ಮಾತು ರಂಗದ ಮೇಲೆ ಹುಟ್ಟುತ್ತಿತ್ತಂತೆ.

ಆ ಪಾತ್ರವನ್ನು ಮೊಮ್ಮಗಳು ಎತ್ತಿಕೊಂಡರು. ಹಾಡುಗಾರ್ತಿಯಾದ ನಟಿ, ಗುಬ್ಬಿ ಮನೆತನದ ಹುಡುಗಿ, ‘ಸದಾರಮೆ’ಯನ್ನು ಮತ್ತೆ ಆಡಿಸುತ್ತಾರೆಂದರೆ ಸದಾರಮೆಯ ಪಾತ್ರವನ್ನೇ ಮಾಡಬಹುದಿತ್ತು. ಒಳ್ಳೊಳ್ಳೆಯ ಹಾಡುಗಳಿವೆ, ಮರ್ಯಾದೆಯೂ ಇದೆ. ಅವರು ಕೇಳಿ ಪಡೆದದ್ದು ತಾತನ ಕಳ್ಳತನವನ್ನು. ಒಂದು ಕಾಲಕ್ಕೆ ಗಂಡಸು ಸದಾರಮೆಯಾಗುತ್ತಿದ್ದ ಅದೇ ಕನ್ನಡ ರಂಗಭೂಮಿಯಲ್ಲಿ ಈಗ ಹೆಂಗಸು ಕಳ್ಳನಾದಳು. ಗಂಡುವೇಷ ಹಾಕಿ ಮೋಸ ಮಾಡಬೇಕಾದ ಸದಾರಮೆಯ ಎದುರಿಗೆ ಗಂಡುವೇಷದ ಇನ್ನೊಬ್ಬ ಹೆಂಗಸು! ನಾಟಕ ಬರೆದವರಿಗೂ ಹೊಳೆಯದ ಹಾಸ್ಯವಿದು.

ಅಕ್ಕನ ಮಕ್ಕಳು ಕೈಗೆ ಬಂದು, ಅವಳಿಗೆ ಒಂದು ದಿನ ಮನೆ ಬಿಟ್ಟು ಬರುವಷ್ಟು ಬಿಡುವು ಸಿಕ್ಕ ಮೇಲೆ ನಾನು ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಈ ನಾಟಕ ತೋರಿಸಿದೆ. ಬಸ್ಸು ತಡವಾಗಿ ನಮಗೆ ಸಿಕ್ಕಿದ್ದು ಹಿಂದಿನ ಸಾಲು. ಅದೂ ಒಳ್ಳೆಯದೇ ಆಯಿತು. ಕಳ್ಳ ಬಂದ. ಮೊದಲು ಬಂದದ್ದು ನಡಿಗೆ. ಮುಂಗಾಲಿನ ಮೇಲೆ ಭಾರ ಹಾಕಿ, ಊರಿಗೆ ತಾನೇ ಗೌಡನೆಂಬ ಧೈರ್ಯವೂ ನಾಯಿ ಬೊಗಳಿದರೆ ಓಡಬೇಕೆಂಬ ಎಚ್ಚರವೂ ಸೇರಿದ ನಡಿಗೆ. ಆಮೇಲೆ ದನಿ. ಹಾಡು ಯಾವಾಗ ನಿಂತಿತು, ಮಾತು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವಂತಿರಲಿಲ್ಲ. ಒಂದು ಸ್ವರವನ್ನು ಎಳೆದು, ಎಳೆದು, ಜನ ಚಪ್ಪಾಳೆಗೆ ಕೈ ಎತ್ತುವ ಹೊತ್ತಿಗೆ ಅದನ್ನು ಗೊರಕೆಯಾಗಿ ಮುಗಿಸಿದರೆ ಏನು ಮಾಡುತ್ತೀರಿ? ಎತ್ತಿದ ಕೈಯಿಂದ ಹೊಟ್ಟೆ ಹಿಡಿದುಕೊಳ್ಳಬೇಕು, ಅಷ್ಟೆ.

ಹಾಸ್ಯದಲ್ಲಿ ಕಾಲದ ಲೆಕ್ಕವೇ ಲೆಕ್ಕ. ಇದನ್ನು ನಾನು ಆ ರಾತ್ರಿ ಹಿಂದಿನ ಸಾಲಿನಲ್ಲಿ ಕೂತು ಸ್ಪಷ್ಟವಾಗಿ ಕಂಡೆ. ರಂಗದಿಂದ ೩೪ ಮೀಟರ್ ದೂರ ಕೂತವನಿಗೆ ಮಾತು ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅವನ ನಗು ರಂಗಕ್ಕೆ ಮರಳಲು ಇನ್ನೊಂದು ಹತ್ತನೆಯ ಭಾಗ. ಈ ನಡುವೆ ಅವನ ತಲೆಗೆ ಹೊಳೆಯಲು ಬೇಕಾಗುವ ಹೊತ್ತನ್ನು ಅಳೆಯುವ ಉಪಕರಣ ಯಾವ ಶಾಲೆಯ ಪ್ರಯೋಗಾಲಯದಲ್ಲೂ ಇಲ್ಲ. ಮುಂದಿನ ಸಾಲು ನಕ್ಕು ಮುಗಿಸುವಾಗ ಹಿಂದಿನ ಸಾಲು ನಗಲು ಶುರುಮಾಡಿರುತ್ತದೆ. ಅವಸರದ ನಟ ಮುಂದಿನ ಸಾಲಿನ ನಗುವಿಗೇ ತೃಪ್ತನಾಗಿ ಮುಂದಿನ ಮಾತಿಗೆ ಹಾರುತ್ತಾನೆ, ಹಿಂದಿನವರ ನಗುವಿನಲ್ಲಿ ಆ ಮಾತು ಮುಳುಗಿಹೋಗುತ್ತದೆ. ಜಯಶ್ರೀ ಕಾಯುತ್ತಿದ್ದರು. ಸುಮ್ಮನೆ ನಿಂತು ಕಾಯುವುದಲ್ಲ. ಕಿವಿ ಕೆರೆದುಕೊಳ್ಳುತ್ತ, ಎಲ್ಲೋ ನೋಡುತ್ತ, ನಗು ಹಿಂದಿನ ಗೋಡೆಗೆ ಬಡಿದು ವಾಪಸು ಬಂದು ಇಳಿಯಲು ತೊಡಗಿದ ಕ್ಷಣಕ್ಕೆ ಸರಿಯಾಗಿ ಇನ್ನೊಂದು ಮಾತು ಬಿಡುತ್ತಿದ್ದರು. ಜೋಕಾಲಿಯಲ್ಲಿ ಕೂತವರನ್ನು ತಳ್ಳುವಾಗಲೂ ಇಷ್ಟೇ ತಾನೆ? ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಹೊತ್ತಿಗೆ ಬೆರಳು ತಾಗಿಸಿದರೂ ಸಾಕು, ಅದು ಮೇಲೆ ಮೇಲೆ ಹೋಗುತ್ತದೆ. ಹೊತ್ತು ತಪ್ಪಿ ತಳ್ಳಿದರೆ ಮೈಯೆಲ್ಲ ಬಲ ಹಾಕಿದರೂ ನಿಂತುಬಿಡುತ್ತದೆ. ಅನುರಣನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಅಕ್ಕ ಮೊದಮೊದಲು ಸೆರಗನ್ನು ಬಾಯಿಗೆ ಇಟ್ಟುಕೊಂಡಿದ್ದಳು. ಥೇಟ್ ಅಮ್ಮನ ಹಾಗೆ. ಅರ್ಧ ಗಂಟೆಯಾಗುವ ಹೊತ್ತಿಗೆ ಸೆರಗು ಎಲ್ಲೋ ಹೋಗಿತ್ತು. ಅವಳ ನಗು ಎಷ್ಟು ದೊಡ್ಡದೆಂಬುದು ನನಗೂ ಮರೆತಿತ್ತು. ಮುಂದಿನ ಸಾಲಿನ ಗೃಹಸ್ಥರೊಬ್ಬರು ಎರಡು ಸಲ ಹಿಂದಿರುಗಿ ನೋಡಿದರು. ಮೂರನೆಯ ಸಲ ಅವರೂ ನಕ್ಕರು. ನಡುವೆ ಒಮ್ಮೆ ನಾನು ನೋಡುತ್ತೇನೆ, ಅಕ್ಕನ ತುಟಿ ಅಲುಗುತ್ತಿದೆ. ಕಳ್ಳನ ಮಾತು ಬರುವ ಮುಂಚೆಯೇ ಅವಳು ತನ್ನದೊಂದು ಮಾತು ಸಿದ್ಧ ಮಾಡಿಕೊಳ್ಳುತ್ತಿದ್ದಳು. ಕಳ್ಳ ಹೇಳಿದ ಮೇಲೆ ಅವಳದನ್ನು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಕೆಲವು ಅವಳದೇ ಚೆನ್ನಾಗಿದ್ದವು. ಇದನ್ನು ಒಡಹುಟ್ಟಿದವನ ಪಕ್ಷಪಾತವೆಂದು ಓದುಗರು ತಿಳಿದರೆ ನನ್ನದೇನೂ ಅಭ್ಯಂತರವಿಲ್ಲ.

ವಾಪಸು ಬರುವಾಗ ರಾತ್ರಿಯ ಬಸ್ಸಿನಲ್ಲಿ ಅವಳು ದಾಬಸ್‌ಪೇಟೆಯವರೆಗೂ ಮಾತಾಡಲಿಲ್ಲ. ಆಮೇಲೆ, “ಅವರನ್ನ ಮನೇಲಿ ಯಾರೂ ಬೇಡ ಅನ್ಲಿಲ್ವೇನೋ?” ಎಂದಳು. ಅಲ್ಲಿ ಮನೆಯೇ ನಾಟಕದ್ದಲ್ಲವೇ ಎಂದೆ. ಅವಳು ಕಿಟಕಿಯ ಕಡೆ ತಿರುಗಿ, “ಮನೆ ನಾಟಕದ್ದಾದ್ರೂ ಕಳ್ಳನ ವೇಷ ಯಾರೂ ತಾವಾಗೇ ಕೊಟ್ಟಿರಲ್ಲ” ಎಂದಳು. ಇದು ಸರಿಯಾದ ಮಾತು ಎನ್ನಿಸಿತು. ಮನೆತನದ ಹೆಸರು ಬಾಗಿಲು ತೆಗೆಸಿಕೊಡಬಹುದು, ಹಿಂದಿನ ಸಾಲನ್ನು ನಗಿಸಿಕೊಡಲಾರದು. ವೀರಣ್ಣನವರ ಕಳ್ಳನನ್ನು ಕಂಡ ಮುದುಕರು ಇನ್ನೂ ಬದುಕಿದ್ದ ಕಾಲದಲ್ಲಿ ಅದೇ ವೇಷ ತೊಡುವುದೆಂದರೆ ಹೋಲಿಕೆಯ ಕತ್ತಿಗೆ ತಾನಾಗಿ ಕುತ್ತಿಗೆ ಒಡ್ಡಿದಂತೆ.

ಮಿಕ್ಕ ವಿವರಗಳು ಪತ್ರಿಕೆ ಓದುವವರಿಗೆ ಗೊತ್ತಿರುವಂಥವೇ. ೧೯೯೬ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ೧೯೯೭ರಲ್ಲಿ ನಾಗಾಭರಣರ ‘ನಾಗಮಂಡಲ’ ಸಿನಿಮಾದಲ್ಲಿ ಕುರುಡವ್ವನಾಗಿ ಬಂದಾಗ ನಾಟಕ ನೋಡದವರಿಗೂ ಅವರ ಪರಿಚಯವಾಯಿತು. ೨೦೦೧ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರದ ಕಾರಿನ ಹಾಡನ್ನು ಅವರ ದನಿಯಲ್ಲಿ ಕೇಳಿ ನನ್ನ ತರಗತಿಯ ಹುಡುಗರೆಲ್ಲ ಒಂದು ವರ್ಷ ಅದನ್ನೇ ಅರಚಿದರು. ಐವತ್ತು ದಾಟಿದ ಹೆಂಗಸಿನ ಕಂಠದಲ್ಲಿ ಬಂದ ಆ ತುಂಟತನ ಅವರಿಗೆ ತಮ್ಮದೇ ವಯಸ್ಸಿನದೆಂದು ಅನ್ನಿಸಿರಬೇಕು. ಮೈಸೂರಿನ ರಂಗಾಯಣದ ನಿರ್ದೇಶಕಿಯಾದರು. ೨೦೧೦ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, ೨೦೧೩ರಲ್ಲಿ ಪದ್ಮಶ್ರೀ ಬಂ‌ತು. ತಾತನಿಗೂ ೧೯೭೨ರಲ್ಲಿ ಅದೇ ಪ್ರಶಸ್ತಿ ಸಂದಿತ್ತು. ತಮ್ಮ ಬದುಕನ್ನು ‘ಕಣ್ಣಾ ಮುಚ್ಚೇ ಕಾಡೇ ಗೂಡೇ’ ಎಂಬ ಪುಸ್ತಕದಲ್ಲಿ ಹೇಳಿಕೊಂಡರು. ನಾಟಕದವಳು ಎಂಬ ಪದ ಹೋಗಿ ನಿಂತ ಜಾಗ ಸಂಸತ್ತು! ನಮ್ಮಪ್ಪ ಅದನ್ನು ನೋಡಲು ಇರಲಿಲ್ಲ. ಇದ್ದಿದ್ದರೆ ಪೇಪರನ್ನು ಮಡಿಸಿಟ್ಟು ಒಮ್ಮೆ ಕೆಮ್ಮುತ್ತಿದ್ದರೇನೋ.

ಆದರೆ ಪ್ರಶಸ್ತಿಗಳ ಪಟ್ಟಿಗಿಂತ ನನಗೆ ಹೆಚ್ಚಿನದೆನ್ನಿಸುವುದು ಅವರು ಹಳೆಯ ರಂಗಗೀತೆಗಳನ್ನು ಊರೂರಿಗೆ ಹೋಗಿ ಹಾಡಿದ್ದು. ಕಂಪನಿಗಳು ಮುಚ್ಚಿದವು, ಡೇರೆ ಮಡಿಸಿದರು, ಪಡದೆಗಳು ಇಲಿಗಳ ಪಾಲಾದವು. ಹಾಡು ಮಾತ್ರ ಗಂಟಲಿನಿಂದ ಗಂಟಲಿಗೆ ದಾಟಿದರೆ ಉಳಿಯುವ ವಸ್ತು. ಸ್ವರಲಿಪಿ ಬರೆದಿಟ್ಟರೆ ಸ್ವರ ಉಳಿದೀತು, ಯಾವ ಅಕ್ಷರದ ಮೇಲೆ ಕಣ್ಣು ಮಿಟುಕಿಸಬೇಕು ಎಂಬುದು ಲಿಪಿಯಲ್ಲಿ ಬರುವುದಿಲ್ಲ. ಅದನ್ನು ಬಲ್ಲವರ ಎದುರು ಕೂತೇ ಕಲಿಯಬೇಕು.

ಅಕ್ಕನಿಗೆ ಈಗ ಅರವತ್ತು ದಾಟಿದೆ. ಮಂಡಿನೋವು. ಹೋದ ಬೇಸಿಗೆಯಲ್ಲಿ ಅವಳ ಮನೆಗೆ ಹೋಗಿದ್ದಾಗ ಮೊಮ್ಮಗ ತನ್ನ ಮೊಬೈಲಿನಲ್ಲಿ ಜಯಶ್ರೀಯವರ ರಂಗಗೀತೆಯೊಂದನ್ನು ಹುಡುಕಿ ಅಜ್ಜಿಯ ಮುಂದೆ ಹಿಡಿದ. ಅವಳು ಎರಡು ಸಾಲು ಕೇಳಿ ಮುಖ ಹುಳ್ಳಗೆ ಮಾಡಿ, “ಇದು ಅವರ ದನಿಯೇ ಅಲ್ಲ” ಎಂದಳು. ಹುಡುಗ ಹೆಸರು ತೋರಿಸಿ ವಾದಕ್ಕೆ ನಿಂತ. ನಾನು ನಡುವೆ ಬಾಯಿ ಹಾಕಿ, ಮೊಬೈಲಿನ ಸ್ಪೀಕರು ಉಗುರಿನಷ್ಟಿರುತ್ತದೆ, ತಗ್ಗಿನ ಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ಅದು ತಳ್ಳಲಾರದು, ಆದ್ದರಿಂದ ದನಿಯ ಮೇಲಿನ ಅರ್ಧ ಮಾತ್ರ ನಮಗೆ ಕೇಳುತ್ತದೆ ಎಂದು ವಿವರಿಸಿದೆ. ಇಬ್ಬರೂ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಅಕ್ಕ ಗೋಡೆ ಹಿಡಿದು ಎದ್ದು, ಮೊಮ್ಮಗನ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಮಂಡಿನೋವಿನ ಕಾಲನ್ನೇ ಕಳ್ಳನ ಕಾಲು ಮಾಡಿಕೊಂಡು ನಡುಮನೆಯ ಈ ತುದಿಯಿಂದ ಆ ತುದಿಗೆ ನಡೆದಳು. ಗಂಟಲು ತೆಗೆದಳು. ಹಿತ್ತಿಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಸೊಸೆ ಕೈಯಲ್ಲಿ ಬೂದಿಯ ಸಮೇತ ಓಡಿ ಬಂದು ಬಾಗಿಲಲ್ಲಿ ನಿಂತಳು.